ಬ್ಯಾಲಾಳು ಡಿಶ್ ನೋಡ್ಕೊಂಡು ಬಂದಮೇಲೆ ತಾತನ ವಾಚು ಮುಂದೆ ಓಡ್ತಿದೆ ಅಂತಾನೆ ಮಗ, ಏನು ಹೇಳಲಿ?

ಮತ್ತಿಕೆರೆ ಟೈಲರಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮತ್ತಿಕೆರೆಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯೋಳು, ಫಾಲ್ಸು, ಪೀಕೋ ಎಲ್ಲಾ ಮಾಡ್ತೀನಿ. ಓದಿದ್ದು ಬಿ.ಎ., ಅದೂ ಹಿಸ್ಟರಿ. ಸೈನ್ಸ್ ಗೊತ್ತಿರೋರು ದಯವಿಟ್ಟು ಬೈಯದೆ ಉತ್ತರ ಕೊಡಿ.

ಮಗ ಸೆಕೆಂಡ್ ಪಿಯುಸಿ. ಎರಡು ತಿಂಗಳಿಂದ ತಟ್ಟೆ ಮುಂದೆ ಕೂತರೂ ಮೊಬೈಲಲ್ಲಿ ಒಂದೇ ವಿಷಯ. ಅಮೆರಿಕದವರು 1943ರಲ್ಲೇ ಯುದ್ಧದ ಹಡಗೊಂದನ್ನ ಮಾಯ ಮಾಡಿದ್ರಂತೆ. ಫಿಲಡೆಲ್ಫಿಯಾದಲ್ಲಿ ಹಸಿರು ಮಂಜು ಕವಿದು ಹಡಗು ಕಾಣದಂಗಾಗಿ, ನಾರ್ಫೋಕ್ ಅನ್ನೋ ಊರಲ್ಲಿ ಕಾಣಿಸ್ಕೊಂಡು, ಮತ್ತೆ ವಾಪಸ್ ಬಂತಂತೆ. ಕೆಲವು ನಾವಿಕರು ಹಡಗಿನ ಕಬ್ಬಿಣದೊಳಗೇ ಸಿಕ್ಕಿಹಾಕ್ಕೊಂಡಿದ್ರಂತೆ. ಇಬ್ಬರು ಹಡಗಿಂದ ಹಾರಿದ್ರೆ ಬಿದ್ದಿದ್ದು 1983ರಲ್ಲಿ, ನ್ಯೂಯಾರ್ಕ್ ಕಡೆ ಮೋಂಟಾಕ್ ಅನ್ನೋ ಜಾಗದಲ್ಲಂತೆ! ಇದು ಸಾಲದು ಅಂತ ಜಾನ್ ಟೈಟರ್ ಅನ್ನೋ ಒಬ್ಬ 2036ನೇ ಇಸವಿಯಿಂದ ಹಳೇ ಕಂಪ್ಯೂಟರ್ ಹುಡುಕ್ಕೊಂಡು ಬಂದಿದ್ದನಂತೆ.

ಸರಿ, ವಯಸ್ಸು ಅಂತ ಸುಮ್ಮನಿದ್ದೆ. ಹೋದ ತಿಂಗಳು ಒಂದು ಭಾನುವಾರ ನಾವು, ನಮ್ಮ ಅಕ್ಕನ ಮನೆಯವರು ಎಲ್ಲಾ ದೊಡ್ಡ ಆಲದ ಮರ ನೋಡ್ಕೊಂಡು ಮಂಚನಬೆಲೆ ಕಡೆ ಹೋದ್ವಿ. ದಾರೀಲಿ ಬ್ಯಾಲಾಳು ಹತ್ತಿರ ಇಸ್ರೋದು ಬೆಳ್ಳಗೆ ದೊಡ್ಡ ಡಿಶ್ ಕಾಣಿಸ್ತು. ಇವನು ಕಾರ್ ನಿಲ್ಲಿಸಿ ಅಂತ ಹಟ ಮಾಡಿ ಇಳಿದು, "ಅಮ್ಮ, ಮೋಂಟಾಕಲ್ಲೂ ಥೇಟ್ ಹಿಂಗೇ ಇತ್ತು" ಅಂದ.

ಅವನ ಕೈಯಲ್ಲಿ ಅವರ ತಾತಂದು ಎಚ್‌ಎಂಟಿ ಜನತಾ ವಾಚು, ಕೀ ಕೊಡೋದು. ನಮ್ಮಪ್ಪ ತೀರ್ಕೊಂಡಮೇಲೆ ಇವನೇ ಕಟ್ಟೋದು. ಅವತ್ತಿಂದ ಅದು ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ನಿಮಿಷ ಮುಂದೆ ಓಡ್ತಿದೆ. ಸುಳ್ಳಲ್ಲ, ನಾನೇ ನೋಡಿದೀನಿ. ಮೊದಲು ಹೀಗಿರಲಿಲ್ಲ. "ಅಲ್ಲಿ ಏನೋ ನಡೀತಿದೆ, ಇದೇ ಪುರಾವೆ" ಅಂತಾನೆ. ಫಿಸಿಕ್ಸ್ ಪುಸ್ತಕ ಪೆದ್ದರಿಗೆ ಬರೆದಿದ್ದಂತೆ. ಮಾರ್ಚಲ್ಲಿ ಪರೀಕ್ಷೆ ಇದೆ ಸ್ವಾಮಿ.

ಹಡಗಿನ ಕಥೇಲಿ ಏನಾದ್ರೂ ನಿಜ ಇದೆಯಾ? ವಾಚಿಗೆ ಏನಾಗಿರಬಹುದು? "ಹಂಗೆಲ್ಲ ಏನೂ ಇಲ್ಲ ಸುಮ್ನಿರು" ಅಂತ ಹೇಳಿ ಆಗಿದೆ, ಕೆಲಸ ಮಾಡಲ್ಲ.

ಮಾರತ್ತಳ್ಳಿ ಮೂರನೇ ಮಹಡಿ:

ಮೇಡಂ, ನಿಮ್ಮ ಮಗನ್ನ ಬೈಬೇಡಿ. 2020ರ ಮೇ 20 ನೆನಪಿದೆಯಾ? ಲಾಕ್‌ಡೌನ್ ಟೈಮು, ಮಧ್ಯಾಹ್ನ ಒಂದೂವರೆ ಒಳಗೆ. ನಾನು ಅನ್ನಕ್ಕೆ ಸಾರು ಹಾಕ್ಕೋತಿದ್ದೆ, ಢಂ ಅಂತು, ಕಿಟಕಿ ಗಾಜು ಗಡಗಡ. ಭೂಕಂಪ ಅಂದ್ಕೊಂಡು ಇಡೀ ಅಪಾರ್ಟ್‌ಮೆಂಟ್ ಮಾಸ್ಕ್ ಇಲ್ಲದೆ ಕೆಳಗಿಳೀತು. ಭೂಕಂಪ ಅಳೆಯೋ ಯಂತ್ರದಲ್ಲಿ ಏನೂ ದಾಖಲಾಗಿಲ್ಲ ಅಂತ ಸುದ್ದಿ ಬಂದಿದ್ದೇ ತಡ, ವಾಟ್ಸಾಪಲ್ಲಿ ಅನ್ಯಗ್ರಹದವರು ಬಂದರು, ಲೋಕಗಳ ಮಧ್ಯೆ ಬಾಗಿಲು ತೆಗೀತು, ಒಬ್ಬರಂತೂ ಕಲ್ಕಿ ಕುದುರೆ ಸದ್ದು ಅಂತ ಆಡಿಯೋ ಕಳಿಸಿದ್ರು.

ಸಂಜೆ ಹೊತ್ತಿಗೆ ರಕ್ಷಣಾ ಇಲಾಖೆಯಿಂದ ಉತ್ತರ ಬಂತು. ವಾಯುಪಡೆಯ ವಿಮಾನದ ಪರೀಕ್ಷಾ ಹಾರಾಟ, ಊರಾಚೆ 36,000 ಅಡಿಗಿಂತ ಮೇಲೆ ಶಬ್ದದ ವೇಗ ದಾಟಿ ಮತ್ತೆ ನಿಧಾನ ಆಗುವಾಗ ಬಂದ ಸದ್ದು ಅಂತ. ಮಧ್ಯೆ ನಾಲ್ಕೈದು ಗಂಟೆ ಖಾಲಿ ಇತ್ತಲ್ಲ, ಅಷ್ಟು ಸಾಕಾಯ್ತು ನಮ್ಮ ಜನಕ್ಕೆ. ಎಂಜಿನಿಯರಿಂಗ್ ಓದಿರೋ ನಾನೂ ಆ ಬಾಗಿಲಿನ ಮೆಸೇಜ್ ಇಬ್ಬರಿಗೆ ಫಾರ್ವರ್ಡ್ ಮಾಡಿದ್ದೆ, ಈಗ ಹೇಳ್ಕೊಳ್ಳೋಕೆ ನಾಚಿಕೆ.

ಹೇರ್‌ಸ್ಪ್ರಿಂಗ್ ತಾತ:

ತಾಯಿ, ಹಡಗು ಆಮೇಲೆ. ಮೊದಲು ವಾಚು. ಮೂರು ಪ್ರಶ್ನೆ ಕೇಳ್ತೀನಿ, ಮಗನನ್ನ ಕೇಳಿಕೊಂಡು ಉತ್ತರ ಬರೀರಿ. ಒಂದು, ವಾಚು ಬಿದ್ದಿತ್ತಾ? ಎರಡು, ಯಾರಾದರೂ ಬಿಚ್ಚಿದ್ದರಾ? ಮೂರು, ರಾತ್ರಿ ಹೊತ್ತು ವಾಚು ಎಲ್ಲಿ ಮಲಗುತ್ತೆ?

ಮತ್ತಿಕೆರೆ ಟೈಲರಮ್ಮ:

ಬಿದ್ದಿಲ್ಲ ಸರ್, ಯಾರೂ ಬಿಚ್ಚಿಲ್ಲ. ಮುಂಚೆ ದೇವರ ಮನೆ ಗೂಡಲ್ಲಿ ಇಡ್ತಿದ್ದ. ಈಗ ಅವನ ಟೇಬಲ್ ಮೇಲೆ ಕೋಚಿಂಗ್ ಪುಸ್ತಕ ತುಂಬಿರೋದ್ರಿಂದ ನನ್ನ ಮಿಷನ್ ಮೇಜಿನ ಮೇಲೇ ಓದ್ಕೋತಾನೆ, ವಾಚೂ ಅಲ್ಲೇ ಬಿಚ್ಚಿಡ್ತಾನೆ. ಕಳೀಬಾರದು ಅಂತ ನಾನೇ ಗುಂಡುಪಿನ್ನು ಇಡೋ ಸ್ಟೀಲ್ ಬಟ್ಟಲಿಗೆ ಹಾಕ್ತೀನಿ. ಯಾಕೆ ಸರ್?

ಎಸ್‌ಪಿ ರೋಡ್ ಹುಡುಗ:

ತಾತ ವಾಚ್ ನೋಡೋ ಅಷ್ಟರಲ್ಲಿ ನಾನು ಟೈಟರ್ ಕಥೆ ಮುಗಿಸ್ತೀನಿ. ಹಳೇ ಕಂಪ್ಯೂಟರ್ ರಿಪೇರಿ ನನ್ನ ಹೊಟ್ಟೆಪಾಡು.

2000ದ ಕೊನೆಯಿಂದ 2001ರ ಮಾರ್ಚ್‌ವರೆಗೆ ಇಂಟರ್‌ನೆಟ್ಟಲ್ಲಿ ಒಬ್ಬ ಬರೀತಿದ್ದ. ತಾನು 2036ರ ಸೈನಿಕ, 1975ಕ್ಕೆ ಹೋಗಿ ಐಬಿಎಂ 5100 ಅನ್ನೋ ಕಂಪ್ಯೂಟರ್ ತರಬೇಕು, ವಾಪಸ್ ಹೋಗೋ ದಾರೀಲಿ ಇಲ್ಲಿ ಇಳಿದಿದೀನಿ ಅಂತ. ಏನು, ಮೈಸೂರಿಗೆ ಹೋಗೋನು ಮದ್ದೂರಲ್ಲಿ ವಡೆ ತಿನ್ನೋಕೆ ಇಳಿದಂಗೆ. ಅವನು ಆರಿಸಿದ ಮಿಷನ್ ಮಾತ್ರ ಮಜಾ ಇದೆ. ಸುಮಾರು 25 ಕೆ.ಜಿ., ಐದಿಂಚಿನ ಪರದೆ, ಅದಕ್ಕೇ ಆಗ "ಪೋರ್ಟಬಲ್" ಅಂತಿದ್ರು. ಎಪಿಎಲ್ ಅನ್ನೋ ಪ್ರೋಗ್ರಾಂ ಭಾಷೆ ಓಡಿಸೋಕೆ ಅದರೊಳಗೆ ಐಬಿಎಂನದೇ ದೊಡ್ಡ ಸಿಸ್ಟಮ್ 360 ಕಂಪ್ಯೂಟರಿನ ಅನುಕರಣೆ ಕೂರಿಸಿದ್ದರು. ಈ ಗುಟ್ಟು ಕಂಪನಿಯ ಎಂಜಿನಿಯರುಗಳಿಗೆ ಗೊತ್ತಿತ್ತು, ಕೊಂಡೋರಿಗೆ ಅಷ್ಟಾಗಿ ಗೊತ್ತಿರಲಿಲ್ಲ. ಟೈಟರ್ ಅದನ್ನೇ ಹೇಳಿದ, ಜನ ಬಾಯಿ ಬಿಟ್ಟರು. ಭವಿಷ್ಯದಿಂದ ಬರಬೇಕಿಲ್ಲ ಸ್ವಾಮಿ, ಅಂಥ ಮಿಷನ್ ಬಿಚ್ಚಿದೋನ ಪಕ್ಕ ಕೂತು ಎರಡು ಕಾಫಿ ಕುಡಿದಿದ್ರೆ ಸಾಕು.

ಭವಿಷ್ಯ ಏನು ಹೇಳಿದ್ದ? 2004ರ ಆಮೇಲೆ ಒಲಿಂಪಿಕ್ಸ್ ಇಲ್ಲ ಅಂದ. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಹೊಡೆದ. ಅಮೆರಿಕದಲ್ಲಿ ಅಂತರ್ಯುದ್ಧ, 2015ರಲ್ಲಿ ಅಣುಯುದ್ಧ ಅಂದ. ಆಗದೇ ಹೋದ್ರೆ? ಅದಕ್ಕೂ ಮೊದಲೇ ದಾರಿ ಮಾಡ್ಕೊಂಡಿದ್ದ. ನಿಮ್ಮ ಲೋಕ ನಮ್ಮ ಲೋಕಕ್ಕಿಂತ ಒಂದೆರಡು ಪರ್ಸೆಂಟ್ ಬೇರೆ ಅಂತ. ನಾನೂ ಗಿರಾಕಿಗೆ ಹಿಂಗೇ ಹೇಳ್ತೀನಿ: "ನಮ್ಮ ಅಂಗಡೀಲಿ ಆನ್ ಆಗಿತ್ತು ಸರ್, ನಿಮ್ಮನೆ ಕರೆಂಟ್ ಬೇರೆ".

ಒಂದು ಮಾತ್ರ ನಿಜ. 2038ರ ಸಮಸ್ಯೆ ಇದೆ. ಯುನಿಕ್ಸ್ ಅನ್ನೋ ವ್ಯವಸ್ಥೆ ಓಡೋ ಹಳೇ ಕಂಪ್ಯೂಟರುಗಳ ಗಡಿಯಾರ 1970ರ ಜನವರಿ 1ರಿಂದ ಸೆಕೆಂಡ್ ಎಣಿಸ್ತಾ ಬಂದಿದೆ, 32 ಬಿಟ್ ಜಾಗದಲ್ಲಿ 2147483647 ಆದಮೇಲೆ ಜಾಗ ಇಲ್ಲ. ನಮ್ಮ ಸಮಯದಲ್ಲಿ 2038ರ ಜನವರಿ 19, ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡ್. ಮುಂದಿನ ಸೆಕೆಂಡಿಗೆ ಸರಿಪಡಿಸದ ಯಂತ್ರಗಳು 1901ಕ್ಕೆ ಜಿಗೀತವೆ. ನಿಮ್ಮ ಮಗನಿಗೆ ಕಾಲಪ್ರಯಾಣ ಬೇಕಿದ್ರೆ ಇದಕ್ಕೆ ಕೋಡ್ ಬರೆಯೋದು ಕಲೀಲಿ, ಸಂಬಳಾನೂ ಬರುತ್ತೆ.

ಹೇರ್‌ಸ್ಪ್ರಿಂಗ್ ತಾತ:

ತಾಯಿ, ಕಳ್ಳ ಸಿಕ್ಕಿದ. ಆ ಬಟ್ಟಲ ತಳ ತಿರುಗಿಸಿ ನೋಡಿ. ಗುಂಡುಪಿನ್ನು ಚೆಲ್ಲಬಾರದು ಅಂತ ಹಳೇ ಸ್ಪೀಕರಿನ ಮ್ಯಾಗ್ನೆಟ್ ಅಂಟಿಸಿರ್ತೀರಿ. ಟೈಲರುಗಳ ಹತ್ತಿರ ಇರೋದೇ. ನಿಮ್ಮ ತಂದೆಯವರ ವಾಚು ದಿನಾ ರಾತ್ರಿ ಆ ಮ್ಯಾಗ್ನೆಟ್ ಮೇಲೆ ಮಲಗ್ತಿದೆ.

ನಾನು 1976ರಲ್ಲಿ ಜಾಲಹಳ್ಳಿ ವಾಚ್ ಫ್ಯಾಕ್ಟರಿ ಸೇರಿದವನು. ಜನತಾ ಎಷ್ಟು ಕೈಗೆ ಬಂದು ಹೋದವೋ ಲೆಕ್ಕ ಇಟ್ಟಿಲ್ಲ. ಒಳಗೆ ಬ್ಯಾಲೆನ್ಸ್ ವೀಲ್ ಅಂತ ಒಂದು ಪುಟ್ಟ ಚಕ್ರ, ಅದಕ್ಕೆ ತಲೆಕೂದಲಿಗಿಂತ ಸಣ್ಣದಾಗಿ ಕಾಣುವ ಸುರುಳಿ, ಹೇರ್‌ಸ್ಪ್ರಿಂಗ್. ಆ ಚಕ್ರ ಸೆಕೆಂಡಿಗೆ ಐದು ಸಲ ಟಿಕ್ ಅನ್ನಬೇಕು, ಗಂಟೆಗೆ 18,000. ಸುರುಳಿಯ ಒಂದೊಂದು ಸುತ್ತೂ ಪಕ್ಕದ ಸುತ್ತಿಗೆ ತಾಗದೆ ಉಸಿರಾಡ್ತಾ ಇರಬೇಕು. ಮ್ಯಾಗ್ನೆಟ್ ಹಿಡಿದರೆ ಎರಡು ಸುತ್ತು ಒಂದಕ್ಕೊಂದು ಅಂಟಿಕೊಳ್ಳುತ್ತೆ. ಆಗ ಸ್ಪ್ರಿಂಗ್ ಗಿಡ್ಡ ಆದ ಹಾಗೆ, ಚಕ್ರ ಅವಸರ ಮಾಡುತ್ತೆ, ವಾಚು ಮುಂದೆ ಓಡುತ್ತೆ. ದಿನಕ್ಕೆ ಇಪ್ಪತ್ತು ನಿಮಿಷ ಏನು, ಎರಡು ಗಂಟೆ ಓಡಿದ್ದೂ ನೋಡಿದ್ದೇನೆ. ಒಬ್ಬರು ರೇಡಿಯೋ ಮೇಲೆ ಇಡ್ತಿದ್ದರು. ನಿಮ್ಮ ಮಗನಿಗೆ ಹೇಳಿ, ವಾಚಿನ ಹತ್ತಿರ ಸಣ್ಣ ದಿಕ್ಸೂಚಿ ಹಿಡಿಯಲಿ. ಮುಳ್ಳು ಟಿಕ್‌ಟಿಕ್ ಜೊತೆ ಕುಣಿದರೆ ರೋಗ ಅದೇ.

ಔಷಧಿ ಸುಲಭ. ತಾಮ್ರದ ತಂತಿ ಸುತ್ತಿದ ಒಂದು ಬಳೆಯಂಥ ಕಾಯಿಲ್, ಮನೆ ಕರೆಂಟಲ್ಲೇ ಓಡುತ್ತೆ. ವಾಚನ್ನ ಮಧ್ಯೆ ಹಿಡಿದು ಸ್ವಿಚ್ ಒತ್ತಿ, ಒತ್ತಿಕೊಂಡೇ ನಿಧಾನಕ್ಕೆ ಒಂದು ಮೊಳ ದೂರ ಎಳೀಬೇಕು, ಆಮೇಲೆ ಸ್ವಿಚ್ ಬಿಡಬೇಕು. ಕಾಯಿಲ್ ಒಳಗಿರುವಾಗಲೇ ಬಿಟ್ಟರೆ ಮೊದಲಿಗಿಂತ ಹಾಳು. ಹೊಸಬರಿಗೆ ಇದನ್ನೇ ಕಲಿಸೋದು ಕಷ್ಟ, ಎಲ್ಲರಿಗೂ ಕೈ ಅವಸರ.

ಈಗ ಹಡಗು. ಇದೇ ಕೇಸು, ಸೈಜು ದೊಡ್ಡದು ಅಷ್ಟೆ. ಉಕ್ಕಿನ ಹಡಗಿಗೂ ಮ್ಯಾಗ್ನೆಟ್ ಹಿಡೀತದೆ. ಜರ್ಮನಿಯವರು ಸಮುದ್ರದ ತಳದಲ್ಲಿ ಇಟ್ಟ ಮೈನ್‌ಗಳು ಆ ಕಾಂತಕ್ಷೇತ್ರ ಗುರುತು ಹಿಡಿದು ಸಿಡೀತಿದ್ದವು. ಅದಕ್ಕೆ ಹಡಗಿನ ಸುತ್ತ ದಪ್ಪ ಕೇಬಲ್ ಸುತ್ತಿ ಕರೆಂಟ್ ಹರಿಸಿ ಆ ಕಾಂತಕ್ಷೇತ್ರವನ್ನ ಹೊಡೆದುಹಾಕ್ತಿದ್ದರು. ಡೀಗಾಸಿಂಗ್ ಅಂತ ಹೆಸರು. ಮೈನ್ ಪಾಲಿಗೆ ಹಡಗು "ಕಾಣಲ್ಲ". ಬಂದರಲ್ಲಿ ದೂರ ನಿಂತು ಕೇಬಲ್ ಸುತ್ತೋದನ್ನ ನೋಡಿದವನ ಕಿವಿಗೆ "ಕಾಣದ ಹಾಗೆ ಮಾಡ್ತಾರಂತೆ" ಅನ್ನೋದು ಬಿದ್ದರೆ? ಮುಂದಿನ ಕಥೆ ತಾನೇ ಬೆಳೀತದೆ.

ಕಥೆಯಲ್ಲಿ ಬರೋ ಹಡಗು ಎಲ್ಡ್ರಿಜ್, ನಂಬರ್ 173. ಸೇವೆಗೆ ಸೇರಿದ್ದು 1943ರ ಆಗಸ್ಟ್ 27. ಸೆಪ್ಟೆಂಬರಲ್ಲಿ ಬರ್ಮುಡಾ ಕಡೆ ತರಬೇತಿಗೆ ಹೋಗಿ ಅಕ್ಟೋಬರಲ್ಲಿ ನ್ಯೂಯಾರ್ಕಿಗೆ ಬಂತು ಅಂತ ಅದರ ದಿನಚರಿಯಲ್ಲಿದೆ, ಫಿಲಡೆಲ್ಫಿಯಾ ಅದರಲ್ಲಿ ಇಲ್ಲ. ಮಾಯ ಆದ ಕಥೆ ಹುಟ್ಟಿದ್ದು ಹನ್ನೆರಡು, ಹದಿಮೂರು ವರ್ಷ ಆದಮೇಲೆ, ಕಾರ್ಲ್ ಅಲೆನ್ ಎಂಬುವನು ಹಾರುವ ತಟ್ಟೆಗಳ ಬಗ್ಗೆ ಪುಸ್ತಕ ಬರೆದಿದ್ದ ಜೆಸಪ್ ಅವರಿಗೆ ಹಾಕಿದ ಕಾಗದಗಳಲ್ಲಿ. ಪ್ರಯೋಗ ಮಾಡಿದ್ದು ನೌಕಾಪಡೆಯ ಸಂಶೋಧನಾ ಕಚೇರಿ ಅಂತಾರೆ, ಆ ಕಚೇರಿ ಶುರುವಾದದ್ದೇ 1946ರಲ್ಲಿ. ಹಡಗನ್ನ 1951ರಲ್ಲಿ ಗ್ರೀಸಿಗೆ ಕೊಟ್ಟರು, ಲಿಯೋನ್ ಅಂತ ಹೆಸರಿಟ್ಟುಕೊಂಡು ದಶಕಗಟ್ಟಲೆ ಓಡಿಸಿ ಕೊನೆಗೆ ಗುಜರಿಗೆ ಹಾಕಿದರು. ಅಷ್ಟು ದೊಡ್ಡ ರಹಸ್ಯವನ್ನ ಯಾರಾದರೂ ಸೆಕೆಂಡ್‌ಹ್ಯಾಂಡ್ ಕೊಡ್ತಾರೆಯೇ?

ನನಗೆ ಇಂಥ ಕಥೆಗಳ ಮೇಲೆ ಸಿಟ್ಟಿಲ್ಲ. ಯಾಕೆಂದರೆ ನಾನು ಕಾಂಪೌಂಡ್ ಒಳಗಿದ್ದವನು. ಜಾಲಹಳ್ಳಿ ಅಂದರೆ ಗೋಡೆಗಳ ಊರು, ಈ ಕಡೆ ನಮ್ಮದು, ಆ ಕಡೆ ಬಿಇಎಲ್, ಇನ್ನೊಂದು ಕಡೆ ವಾಯುಪಡೆ. "ಒಳಗೆ ಜಪಾನಿನವರು ಏನೋ ಮಾಡ್ತಾರಂತೆ, ಬಿಳಿ ಕೋಟು ಹಾಕ್ಕೊಂಡು ಮಾತೇ ಆಡದೆ ಕೂತಿರ್ತಾರಂತೆ" ಅಂತ ಗಂಗಮ್ಮನಗುಡಿಯ ನಮ್ಮ ಮನೆ ಮಾಲೀಕರು ನನ್ನನ್ನೇ ಕೇಳಿದ್ದರು. ಜಪಾನಿನ ಸಿಟಿಜನ್ ಕಂಪನಿಯವರ ಜೊತೆ 1961ರಲ್ಲಿ ಶುರುವಾದ ಫ್ಯಾಕ್ಟರಿ ಅದು, ಬಿಳಿ ಕೋಟು ಧೂಳಿಗೆ. ಮಾತಾಡದೆ ಇದ್ದದ್ದು ಯಾಕೆ ಗೊತ್ತೇ? ಉಸಿರು ಜೋರಾದರೆ ಸ್ಕ್ರೂ ಹಾರಿ ಹೋಗುತ್ತೆ. ಎದುರಿಗೆ ಕೂತ ಹೆಣ್ಣುಮಕ್ಕಳು ಆ ಸ್ಕ್ರೂಗಳನ್ನ ಚಿಮಟದಲ್ಲಿ ಎತ್ತಿ ಕೂರಿಸೋದು ನೋಡಿದರೆ ಯಾವ ಮೋಂಟಾಕೂ ಬೇಡ. ಮಾಲೀಕರಿಗೆ ಇದನ್ನೆಲ್ಲ ವಿವರಿಸಿದೆ. "ನೀವು ಹೇಳೋ ಹಾಗಿಲ್ಲ ಬಿಡಿ" ಅಂದುಬಿಟ್ಟರು.

ವಾಚು ತೊಗೊಂಡು ವಿದ್ಯಾರಣ್ಯಪುರಕ್ಕೆ ಬರಲಿ ಮಗ. ಕಾಯಿಲ್ ನನ್ನ ಹತ್ತಿರ ಇದೆ. ಕಾಸು ಬೇಡ.

ನಿಜ ಹುಡುಕೋನು:

ಎಲ್ಲಾ ಚೆನ್ನಾಗಿ ಬರ್ದಿದೀರ ತಾತ, ಆದ್ರೆ ದಿನಚರಿ ಬರೆಯೋರು ಯಾರು? ಅದೇ ನೌಕಾಪಡೆ. ಮೋಂಟಾಕಲ್ಲಿ ಕ್ಯಾಂಪ್ ಹೀರೋ ಅನ್ನೋ ಹಳೇ ಸೇನಾ ನೆಲೆಯ ಕಟ್ಟಡಗಳ ಬಾಗಿಲಿಗೆ ಯಾಕೆ ಸಿಮೆಂಟ್ ಹಾಕಿ ಮುಚ್ಚಿದಾರೆ? ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ಜನರಿಗೆ ಗೊತ್ತಿಲ್ಲದೇ ಎಲ್‌ಎಸ್‌ಡಿ ಅನ್ನೋ ಮಾದಕ ವಸ್ತು ಕೊಟ್ಟು ಪ್ರಯೋಗ ಮಾಡಿತ್ತು, ಎಂಕೆ ಅಲ್ಟ್ರಾ, ಅದೂ ಮೊದಲು ಸುಳ್ಳು ಅಂತಿದ್ರು, ಆಮೇಲೆ ನಿಜ ಆಯ್ತು. ಇದಕ್ಕೇನಂತೀರ?

ಹೇರ್‌ಸ್ಪ್ರಿಂಗ್ ತಾತ:

ತಮ್ಮಾ, ಒಳ್ಳೇ ಪ್ರಶ್ನೆ. ಎಂಕೆ ಅಲ್ಟ್ರಾ ನಿಜ, ಅನ್ಯಾಯ, ನಾನು ಒಪ್ಪುತ್ತೇನೆ. ಆದರೆ ಅದು ಹೊರಬಂದ ದಾರಿ ನೋಡು. 1973ರಲ್ಲಿ ಸಿಐಎ ಮುಖ್ಯಸ್ಥರೇ ಕಡತ ಸುಡಿಸಿದರು. ಆದರೂ 1977ರಲ್ಲಿ ಸಾವಿರಾರು ಪುಟ ಸಿಕ್ಕಿತು. ಎಲ್ಲಿ? ಲೆಕ್ಕಪತ್ರದ ದಾಖಲೆಗಳ ಜೊತೆ ಎಲ್ಲೋ ಸೇರಿಕೊಂಡಿತ್ತು, ಸುಡೋರಿಗೆ ನೆನಪಾಗಿರಲಿಲ್ಲ. ಫ್ಯಾಕ್ಟರಿಯಲ್ಲಿದ್ದ ಯಾರನ್ನಾದರೂ ಕೇಳು, ಕೆಲಸ ನಡೆದ ಕಡೆ ಇಂಡೆಂಟ್ ಇರುತ್ತೆ, ಸ್ಟೋರ್ಸ್ ಚೀಟಿ ಇರುತ್ತೆ, ಓವರ್‌ಟೈಮ್ ಲೆಕ್ಕ ಇರುತ್ತೆ. ನಮ್ಮಲ್ಲಿ ಒಂದು ಡಬ್ಬಿ ಎಣ್ಣೆಗೆ ಮೂರು ಸಹಿ. ಮೋಂಟಾಕಿನ ಕಾಲಸುರಂಗಕ್ಕೆ ಒಂದು ಕ್ಯಾಂಟೀನ್ ಬಿಲ್ ತೋರಿಸು, ನಾನೇ ನಿನ್ನ ಜೊತೆ ಟಿಕೆಟ್ ಮಾಡಿಸ್ತೀನಿ.

ಕ್ಯಾಂಪ್ ಹೀರೋದಲ್ಲಿದ್ದದ್ದು ವಿಮಾನ ಪತ್ತೆ ಮಾಡುವ ರಾಡಾರು, ಅದರ ಆಂಟೆನಾ ಸುಮಾರು 38 ಮೀಟರ್ ಅಗಲ. 1981ರಲ್ಲಿ ಆ ನೆಲೆ ಮುಚ್ಚಿತು. ಕಾಲಪ್ರಯಾಣದ ಕಥೆ ಹಬ್ಬಿದ್ದು ಪ್ರೆಸ್ಟನ್ ನಿಕೋಲ್ಸ್ ಮತ್ತು ಅವರ ಜೊತೆಗಾರ 1992ರಲ್ಲಿ ಪುಸ್ತಕ ಬರೆದ ಮೇಲೆ. ಹಡಗಿಂದ ಹಾರಿದೆ ಅಂದ ಆಲ್ ಬೀಲೆಕ್‌ಗೆ ತನ್ನ ಕಥೆ "ನೆನಪಾದದ್ದು" ಅದೇ ಹಡಗಿನ ಮೇಲೆ ಬಂದ ಸಿನಿಮಾ ನೋಡಿದ ಮೇಲೆ. ಈಗ ಅಲ್ಲಿ ಸಾರ್ವಜನಿಕ ಉದ್ಯಾನ ಇದೆ. ಪಾಳು ಕಟ್ಟಡಕ್ಕೆ ಮಕ್ಕಳು ನುಗ್ಗಿ ಕಾಲು ಮುರ್ಕೊಳ್ಳಬಾರದು ಅಂತ ಬಾಗಿಲು ಮುಚ್ಚೋದು ನಮ್ಮಲ್ಲೂ ಇದೆ. ನಮ್ಮಲ್ಲಾದರೆ ಸಿಮೆಂಟಿನ ಬದಲು ಜಾಲಿ ಮುಳ್ಳು.

ಕೆಂಗೇರಿ ಉಪನಗರ:

ಒಂದು ಮಾತು ಸೇರಿಸ್ತೀನಿ. ಟೈಲರಮ್ಮನ ಮಗ ಪೂರ್ತಿ ತಪ್ಪಿಲ್ಲ. ಅವನು ನೋಡಿದ ದೊಡ್ಡದು 32 ಮೀಟರಿನ ಡಿಶ್ ಇರಬೇಕು, ಚಂದ್ರಯಾನ–1ಕ್ಕಾಗಿ 2008ರಲ್ಲಿ ಬಂದದ್ದು. ಪಕ್ಕದಲ್ಲಿ 18 ಮೀಟರಿಂದು ಇನ್ನೊಂದಿದೆ. ಚಂದ್ರನ ಹತ್ತಿರದಿಂದ ಬರೋ ಪಿಸುಮಾತು ಕೇಳಿಸ್ಕೊಳ್ಳೋ ಕಿವಿ ಅವು. ಆದ್ರೆ ಅದೇ ಬ್ಯಾಲಾಳಲ್ಲಿ 2013ರಿಂದ ಇಸ್ರೋದ ನ್ಯಾವಿಗೇಶನ್ ಕೇಂದ್ರವೂ ಇದೆ, ಜಿಪಿಎಸ್ ಥರ ದಾರಿ ತೋರಿಸೋ ನಮ್ಮ ನಾವಿಕ್ ಉಪಗ್ರಹಗಳಿಗೆ. ಅಲ್ಲಿ ನಿಜಕ್ಕೂ ಸಮಯದ್ದೇ ವ್ಯಾಪಾರ, ಪರಮಾಣು ಗಡಿಯಾರ ಇಟ್ಕೊಂಡು.

ಅವನಿಗೆ ಇದನ್ನ ಓದಿ ಹೇಳಿ. 1971ರಲ್ಲಿ ಹಾಫೆಲೆ, ಕೀಟಿಂಗ್ ಅನ್ನೋ ಇಬ್ಬರು, ವೇಗ, ಎತ್ತರ ಬದಲಾದ್ರೆ ಸಮಯದ ನಡಿಗೆನೂ ಬದಲಾಗುತ್ತಾ ಅಂತ ನೋಡೋಕೆ, ಸೀಸಿಯಂ ಪರಮಾಣು ಗಡಿಯಾರಗಳನ್ನ ಮಾಮೂಲಿ ಪ್ರಯಾಣಿಕರ ವಿಮಾನದಲ್ಲಿ ಪ್ರಪಂಚ ಸುತ್ತಿಸಿದ್ರು. ಪೂರ್ವಕ್ಕೆ ಹೋದಾಗ 59 ನ್ಯಾನೋಸೆಕೆಂಡ್ ಹಿಂದೆ ಬಿದ್ವು, ಪಶ್ಚಿಮಕ್ಕೆ ಹೋದಾಗ 273 ಮುಂದೆ. ಜಿಪಿಎಸ್ ಉಪಗ್ರಹದ ಗಡಿಯಾರ ನೆಲದ್ದಕ್ಕಿಂತ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತೆ, ಅದಕ್ಕೆ ಹಾರಿಸೋ ಮೊದಲೇ ಅದರ ಟಿಕ್ಕನ್ನ ಒಂದು ಚೂರು ನಿಧಾನ ಮಾಡಿರ್ತಾರೆ. ಅಷ್ಟು ಹೊತ್ತಲ್ಲಿ ಬೆಳಕು 11 ಕಿಲೋಮೀಟರ್ ಹೋಗುತ್ತೆ. ಸರಿ ಮಾಡದಿದ್ರೆ ಆಟೋದವನು ಮತ್ತಿಕೆರೆಗೆ ಅಂತ ಹೊರಟು ಎಲ್ಲೋ ಯಲಹಂಕದಲ್ಲಿ ಹಾರ್ನ್ ಹೊಡೀತಿರ್ತಾನೆ. ಇದೆಲ್ಲ ಅವನು ಪೆದ್ದರಿಗೆ ಅಂದ ಫಿಸಿಕ್ಸ್ ಪುಸ್ತಕದ ದಾರೀಲೇ ಮುಂದೆ ಸಿಗೋದು.

ಮತ್ತಿಕೆರೆ ಟೈಲರಮ್ಮ:

ತಡವಾಗಿ ಬರೀತಿದೀನಿ, ಮದುವೆ ಸೀಸನ್ನು, ಹನ್ನೊಂದು ಬ್ಲೌಸ್ ಬಾಕಿ ಇತ್ತು.

ಬಟ್ಟಲು ತಿರುಗಿಸಿದೆ. ಮ್ಯಾಗ್ನೆಟ್ಟೇ. ಹಳೇ ಟೇಪ್‌ರೆಕಾರ್ಡರಿಂದು, ನಮ್ಮಪ್ಪಾನೇ ಬಿಚ್ಚಿ ಅಂಟಿಸಿಕೊಟ್ಟಿದ್ದು, ನನಗೇ ಮರೆತುಹೋಗಿತ್ತು. ಮಗನಿಗೆ ತೋರಿಸಿದ್ರೆ ಅರ್ಧ ದಿನ ಮಾತಾಡಲಿಲ್ಲ. ಅಷ್ಟರಲ್ಲೇ ಸೋಲಲಿಲ್ಲ ಅವನು, ಸ್ಟೇಷನರಿ ಅಂಗಡಿಯಿಂದ ದಿಕ್ಸೂಚಿ ತಂದು ಮೂರು ರಾತ್ರಿ ಪರೀಕ್ಷೆ ಮಾಡಿದ. ಮುಳ್ಳು ಕುಣೀತು.

ಭಾನುವಾರ ಇಬ್ಬರೂ ವಿದ್ಯಾರಣ್ಯಪುರಕ್ಕೆ ಹೋಗಿದ್ವಿ. ತಾತ ಕಾಯಿಲ್ ಅವನ ಕೈಗೇ ಕೊಟ್ರು. ಮೊದಲ ಸಲ ಅವಸರ ಮಾಡಿ ಸ್ವಿಚ್ ಬೇಗ ಬಿಟ್ಟುಬಿಟ್ಟ, "ಹ್ಞಾ, ಎಲ್ಲರೂ ಹಿಂಗೇ" ಅಂದ್ರು. ಎರಡನೇ ಸಲ ಸರಿಹೋಯ್ತು. ಅಜ್ಜಿ ಕೋಡುಬಳೆ ಕೊಟ್ರು. ವಾಪಸ್ ಬರುವಾಗ ನಾನು ಸಣ್ಣಗೆ "ಮತ್ತೆ ಹಡಗು?" ಅಂದೆ. "ಹಡಗು ಸರಿ, ಮೋಂಟಾಕ್ ಇನ್ನೂ ಯೋಚನೆ ಮಾಡ್ಬೇಕು" ಅಂದ.

ಈಗ ವಾಚು ದಿನಕ್ಕೆ ನಲವತ್ತು ಸೆಕೆಂಡ್ ಹಿಂದೆ ಬೀಳ್ತಿದೆ ತಾತ. ದಿನಾ ರಾತ್ರಿ ಒಂಬತ್ತಕ್ಕೆ ಮೊಬೈಲ್ ಪಕ್ಕ ಇಟ್ಕೊಂಡು ಕೆಮಿಸ್ಟ್ರಿ ನೋಟ್ಸಿನ ಕೊನೇ ಪುಟದಲ್ಲಿ ಬರ್ಕೋತಿದಾನೆ. ಅದನ್ನ ಅವನೇ ಬಿಚ್ಚಿ ಸರಿ ಮಾಡಬಹುದಾ ಅಂತ ಕೇಳು ಅಂದ. ಬೇಡ ಅಂತ ನೀವೇ ಒಂದು ಮಾತು ಹೇಳಿಬಿಡಿ, ನನ್ನ ಚಿಮಟ ಆಗಲೇ ಕಾಣ್ತಿಲ್ಲ.